ಎಡಮಡಿಕೆಯ ಕುಬಸ

ಹೋದ ವಾರ ಒಬ್ಬ ಹುಡುಗಿ ಬಂದಿದ್ದಳು. ಮುಂದಿನ ತಿಂಗಳು ಮದುವೆಯಂತೆ. ಫೋನನ್ನು ನನ್ನ ಮೂಗಿಗೇ ಹಿಡಿದು, "ಆಂಟಿ, ಇಂಥಾದ್ದ ಬೇಕ್ರಿ, ಕಾರ್ಸೆಟ್ ಬ್ಲೌಸು," ಎಂದಳು. ಒಳಗೆ ಕಡ್ಡಿ ಕೊಟ್ಟು ಉಸಿರು ಕಟ್ಟುವಂತೆ ಬಿಗಿದ ಕುಪ್ಪಸ. ಮುಂದುಗಡೆ ಮೇಲಿನಿಂದ ಕೆಳಗೆ ಸಾಲಾಗಿ ಬಂಗಾರದ ಬಣ್ಣದ ಕೊಂಡಿಗಳು. ಕೊಂಡಿ ಬೇಕೋ, ಲಾಡಿ ಬೇಕೋ, ಜಿಪ್ಪು ಬೇಕೋ ಎಂದು ಅವಳಿಗೇ ಗೊತ್ತಿಲ್ಲ, ಒಂದಾದ ಮೇಲೊಂದು ಚಿತ್ರ ಸರಿಸುತ್ತಲೇ ಇದ್ದಳು. ನಾನು ಕೇಳಿದ್ದು ಒಂದೇ.

"ನೀ ಯಾವ ಕೈಲೆ ಉಣ್ತಿಯವ್ವಾ?"

ಹುಡುಗಿ ಕಿಸಕ್ಕನೆ ನಕ್ಕಳು. "ಬಲಗೈಲೆ ರೀ. ಮತ್ಯಾವ ಕೈಲೆ?"

"ಹಂಗಾದ್ರ ಅದು ನೆಟ್ಟಗ ಇರೋ ಮಟ ಯಾವ ಕೊಂಡಿ ಆದ್ರೂ ನಡೀತೈತಿ. ಹಾಕ್ತೀನಿ ಬಿಡು."

ಮದುವೆ ಹುಡುಗಿಗೆ ಆಡುವ ಮಾತೇ ಇದು? ಅವಳ ತಾಯಿ ಮುಖ ಸಿಂಡರಿಸಿಕೊಂಡರು. ಏನು ಮಾಡಲಿ, ನನ್ನ ಬಾಯಿಯೇ ಹಾಗೆ. ಕೊಟ್ಟೂರಿನ ಈ ಓಣಿಯಲ್ಲಿ ಇಪ್ಪತ್ತು ವರ್ಷ ಹೊಲಿದು ಅನ್ನ ತಿಂದವಳು ನಾನು. ಹಾಗಿದ್ದೂ ಕುಪ್ಪಸದ ಮುಂದೆ ಹಾಕುವ ಹುಕ್ಕು, ಗುಂಡಿ, ಜಿಪ್ಪುಗಳ ಡಬ್ಬಿ ತೆರೆಯುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ. ಥೂ, ಅಷ್ಟು ಹೇಸಿಗೆ. ಅದಕ್ಕೆ ಕಾರಣ ನಮ್ಮತ್ತೆ. ಅಥವಾ ನಾನೇ ಇರಬೇಕು.

ನಮ್ಮತ್ತೆ ಹುಟ್ಟಿದ್ದು ಹೊಸಹಳ್ಳಿ ಕಡೆ. ಲಗ್ನವಾಗಿ ಕೊಟ್ಟೂರಿಗೆ ಬಂದಾಗಿನಿಂದ ಇವತ್ತಿನವರೆಗೆ ಖಣದ ಕುಬಸ, ಅಂದರೆ ಖಣದ ಕುಪ್ಪಸ, ಬಿಟ್ಟು ತಾವಾಗಿ ಇನ್ನೊಂದು ತೊಟ್ಟವರಲ್ಲ. ಮೈಗೆ ಅಂಟಿದಂತೆ ಬಿಗಿಯಾಗಿರಬೇಕು. ಬಲಗಡೆಯ ಪಟ್ಟಿ ಎಡಗಡೆಯದರ ಮೇಲೆ ಬಂದು, ಕೆಳಗಿನ ಎರಡು ತುದಿ ಎಳೆದು ಎದೆಯ ಕೆಳಗೆ ಗಂಟು ಬೀಳಬೇಕು. ಮೆಷಿನ್ನಿನ ಹೊಲಿಗೆ ಕಂಕುಳಲ್ಲಿ ಕೊರೆಯುತ್ತದಂತೆ. ಹಾಗಾಗಿ ಊರವರಿಗೆಲ್ಲ ಮೆಷಿನ್ನಿನಲ್ಲಿ ಹೊಲಿಯುವ ಸೊಸೆ ಅತ್ತೆಯ ಕುಬಸಕ್ಕೆ ಮಾತ್ರ ಸೂಜಿ ಹಿಡಿದು ಕೂರಬೇಕು. ಕೂರುತ್ತಿದ್ದೆ, ಗೊಣಗುತ್ತಲೇ.

ಅವರ ಮನೆತನದಲ್ಲಿ ಕುಬಸಕ್ಕೆ ಎರಡು ಕಟ್ಟಳೆ. ಬೇರೆಯವರಲ್ಲಿ ಉಂಟೋ ಇಲ್ಲವೋ, ನಾನು ಕಾಣೆ. ಒಂದು, ಲಗ್ನವಾದ ಹೆಣ್ಣಿನ ಕುಬಸದ ಗಂಟಿಗೆ ಇನ್ನೊಬ್ಬರ ಕೈ ಬರುವುದು ಎರಡೇ ಸಲ. ಬಸುರಿಯಾದಾಗ ಏಳನೇ ತಿಂಗಳಲ್ಲಿ ಸೀಮಂತದ ಹಾಗೆ ಕುಬಸದ ಶಾಸ್ತ್ರ ಮಾಡುತ್ತಾರಲ್ಲ, ಆಗೊಮ್ಮೆ. ಸತ್ತ ಮೇಲೆ ಮೈ ತೊಳೆದು ಉಡಿಸುವಾಗ ಇನ್ನೊಮ್ಮೆ. ಎರಡನೆಯದು, ಎಡಗಡೆ ಪಟ್ಟಿ ಮೇಲೆ ಬರುವ ಎಡಮಡಿಕೆ ಹೆಣಕ್ಕೆ ಮಾತ್ರ. ನಾನು ಹೊಸ ಸೊಸೆಯಾಗಿದ್ದಾಗ ಯಾವುದೋ ಧ್ಯಾನದಲ್ಲಿ ಒಂದು ಕುಬಸವನ್ನು ಎಡಮಡಿಕೆ ಹೊಲಿದುಬಿಟ್ಟಿದ್ದೆ. ಅತ್ತೆ ಅದನ್ನು ಬಿಡಿಸಿ ನೋಡಿದವರೇ ಹಾವು ಮುಟ್ಟಿದವರಂತೆ ಎಸೆದರು.

"ಲೇ, ಹೆಣದ ಕುಬಸ ಹೊಲದೀಯಲ್ಲೇ! ನಾ ಸಾಯೋದು ಅಷ್ಟು ಅವಸರ ಐತೇನ ನಿನಗ?"

ಅವತ್ತಿನಿಂದ ನನ್ನ ಕೈ ತಪ್ಪಿಯೂ ಆ ಕಡೆ ಹೋಗಲಿಲ್ಲ. ಹೆದರಿಕೆ ಅಷ್ಟು ಆಳಕ್ಕೆ ಇಳಿದಿತ್ತು.

ಎರಡು ವರ್ಷದ ಹಿಂದೆ ಅತ್ತೆಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆ, ಔಷಧಿ, ಎಣ್ಣೆ ತಿಕ್ಕುವುದು ಎಲ್ಲ ಆಯಿತು. ಕಾಲು ಬಂತು, ಎಳೆದುಕೊಂಡಾದರೂ ನಡೆದರು. ಬಾಯಿ ಬಂತು, ಮೊದಲಿಗಿಂತ ಜೋರಾಗಿಯೇ ಬಂತು. ಬಲಗೈ ಮಾತ್ರ ಬರಲಿಲ್ಲ. ಮೈಗೆ ಜೋತುಬಿದ್ದ ತಣ್ಣನೆಯ ಕೈ.

ಗಂಟು ಹಾಕಲು ಎರಡು ಕೈ ಬೇಕು. ನಾನು ಹಾಕುತ್ತೇನೆಂದು ಮುಂದೆ ಹೋದರೆ ಎಡಗೈಯಿಂದ ಫಟ್ಟನೆ ಹೊಡೆದರು.

"ನಾ ಇನ್ನಾ ಹೆಣ ಆಗಿಲ್ಲ. ದೂರ ಸರಿ."

ಕುಬಸ ಬಿಟ್ಟು ಬರೀ ಸೆರಗು ಸುತ್ತಿಕೊಂಡು ಒಳಗಿನ ಕೋಣೆ ಸೇರಿದರು. ದಿನಾ ಸಂಜೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಹಿಡಿದು ಮಾತಾಡಿಸುತ್ತಿದ್ದವರು ಪಡಸಾಲೆಗೂ ಬರುವುದನ್ನು ಬಿಟ್ಟರು. ಆ ಹೊತ್ತಿಗೇ ಹಗರಿಬೊಮ್ಮನಹಳ್ಳಿಯಿಂದ ಸುದ್ದಿ ಬಂತು: ನಾದಿನಿಯ ಮಗಳು, ಅಂದರೆ ಅತ್ತೆಯ ಮೊಮ್ಮಗಳು, ಬಸುರಿ. ಏಳನೇ ತಿಂಗಳಿಗೆ ಕುಬಸದ ಶಾಸ್ತ್ರ. ಅತ್ತೆ ಒಂದೇ ಮಾತು ಹೇಳಿದರು.

"ಮೊಮ್ಮಗಳ ಉಡಿಗೆ ಕುಬಸ ನಾನ ಹಾಕಬೇಕು. ನನ್ನ ಕುಬಸ ನಾನ ತೊಟ್ಟು ಬರ್ತೀನಿ. ಆಗಲಿಲ್ಲಂದ್ರ ಬರಂಗಿಲ್ಲ. ನೀ ಹೊಲಿಗಿ ಕಲತಾಕಿ ಅದೀಯಲ್ಲ, ಏನರ ಮಾಡು."

ನನ್ನ ಮುಂದೆ ಮೂರು ತಿಂಗಳಿತ್ತು. ಇಷ್ಟು ಸಣ್ಣದು, ಒಂದು ವಾರದಲ್ಲಿ ಮುಗಿಸುತ್ತೇನೆ ಎಂದುಕೊಂಡಿದ್ದೆ. ಸೊಕ್ಕು.

ಮೊದಲು ಹುಕ್ಕು. ಅಂಗಡಿಯ ಡಬ್ಬಿಯಲ್ಲಿದ್ದದ್ದನ್ನೇ ಹಾಕಿದೆ. ಒಂದು ಕೈಯಲ್ಲಿ ಹುಕ್ಕು ಹಿಡಿದರೆ ಆ ಕಡೆಯ ದಾರದ ಕಾಜವನ್ನು ಹಿಡಿಯುವವರು ಯಾರು? ಅತ್ತೆ ಬಾಗಿಲು ಹಾಕಿಕೊಂಡು ಒಳಗೆ ಏದುಸಿರು ಬಿಡುವುದು ಕೇಳಿಸುತ್ತಿತ್ತು. ಒಂದು ಹಾಕುವಷ್ಟರಲ್ಲಿ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ಮೇಲಾಗಿ ಆ ದರಿದ್ರ ಹುಕ್ಕುಗಳು ವಾರದಲ್ಲಿ ತುಕ್ಕು ಹಿಡಿದವು. ಬೆವರಿಗೆ ತುಕ್ಕು ಬೆರೆತು ಖಣದ ಮೇಲೆ ಕಂದು ಕಲೆ, ಎದೆಯ ಮೇಲೂ ಕಲೆ. ಒಗೆಯಲು ತೆಗೆದರೆ ಹಳೆಯ ಗಾಯದ ಪಟ್ಟಿ ಬಿಚ್ಚಿದಂಥ ವಾಸನೆ. ಬಚ್ಚಲಲ್ಲಿ ಕೂತು ಎರಡು ಸಲ ವಾಕರಿಸಿದ್ದೇನೆ.

ಹರಪನಹಳ್ಳಿಗೆ ಹೋಗಿ ಟಿಚ್ ಬಟನ್ ತಂದೆ. ಅಂಗಡಿಯವನು ಹಲ್ಲು ಕಿರಿದು, "ಒತ್ತಿದ್ರ ಸಾಕ್ರಿ ಅಕ್ಕಾರ, ಬೆರಳಾಗ ಕೆಲಸ," ಎಂದ. ಒತ್ತಬೇಕಾದರೆ ಹಿಂದೆ ಗಟ್ಟಿ ಏನಾದರೂ ಇರಬೇಕಲ್ಲ? ಅತ್ತೆಯ ಎದೆಯೆಲುಬೇ ಆ ಗಟ್ಟಿ. ಒತ್ತಿ ಒತ್ತಿ ಎದೆಯ ನಡುವೆ ಬಿಲ್ಲೆ ಬಿಲ್ಲೆಯಾಗಿ ಕರಿಗಟ್ಟಿತು. ಅಷ್ಟು ಮಾಡಿ ಪಡಸಾಲೆಗೆ ಬಂದು ಕೂತರು, ಪಾಪ. ಒಂದು ಕೆಮ್ಮು ಬಂತು. ಟಪ ಟಪ ಟಪ ಎಂದು ಎಲ್ಲವೂ ಬಿಚ್ಚಿಕೊಂಡವು. ಬಾಗಿಲಲ್ಲಿ ನಿಂತಿದ್ದ ಕಾಯಿಪಲ್ಲೆಯವನು ಬೇಕಂತಲೇ ತಕ್ಕಡಿ ನೋಡತೊಡಗಿದ. ಅತ್ತೆ ಎದ್ದು ಕಾಲೆಳೆಯುತ್ತ ಒಳಗೆ ಹೋದರು. ಆ ಬಟನ್ನುಗಳನ್ನು ಕಿತ್ತು ಚರಂಡಿಗೆ ಎಸೆದೆ.

ಆಮೇಲೆ ಆಸ್ಪತ್ರೆಯವರು ಕೈಗೆ ಕಟ್ಟಲು ಕೊಟ್ಟಿದ್ದ ಬೆಲ್ಟಿನ ನೆನಪಾಯಿತು. ಅದರಲ್ಲಿರುತ್ತದಲ್ಲ, ಪರ್ರ್ ಎಂದು ಕಿತ್ತು ಮತ್ತೆ ಅಂಟಿಸುವ ಪಟ್ಟಿ. ಅದನ್ನು ಬಿಚ್ಚಿ ಕುಬಸಕ್ಕೆ ಹೊಲಿದೆ. ಇದು ಹೇಸಿಗೆಗಳಲ್ಲೇ ಹೇಸಿಗೆ. ಅದರ ಮುಳ್ಳಿಗೆ ಸಿಗದ ವಸ್ತುವಿಲ್ಲ. ಉದುರಿದ ಬಿಳಿ ಕೂದಲು, ಸೀರೆಯ ಎಳೆ, ರೊಟ್ಟಿಯ ಚೂರು, ಒಣಗಿದ ಅನ್ನದ ಅಗಳು, ಎಲ್ಲ ಅದರಲ್ಲೇ ಕೂತು ಬೆವರಿನಲ್ಲಿ ನೆನೆದು ಮುಗ್ಗುಲು ನಾತ ಬರುತ್ತಿತ್ತು. ಸೂಜಿಯಿಂದ ಕೆದರಿ ಕೆದರಿ ತೆಗೆಯುತ್ತಿದ್ದೆ. ಬಿಚ್ಚಿದಾಗಿನ ಸದ್ದಂತೂ ಬೀದಿಗೆ ಕೇಳಬೇಕು. ನಾಲ್ಕು ದಿನ ತೊಟ್ಟು ಅತ್ತೆ ಅದನ್ನು ನನ್ನ ಮೆಷಿನ್ನಿನ ಮೇಲೆ ತಂದು ಹಾಕಿದರು.

"ಇದನ್ನ ಎತ್ತಿನ ಕೊಳ್ಳಿಗೆ ಕಟ್ಟು."

ನಾದಿನಿ ಒಂದು ದಿನ ಚೀಲ ಹಿಡಿದುಕೊಂಡು ಬಂದರು. ನನಗಿಂತ ಹಿರಿಯರು, ಅಕ್ಕಾ ಎನ್ನುತ್ತೇನೆ. ಚೀಲದ ತುಂಬ ನೈಟಿಗಳು. ದೊಡ್ಡ ದೊಡ್ಡ ಹೂವಿನವು, ಜಾರುವ ಬಟ್ಟೆಯವು.

"ಸುಮ್ನ ಇವನ್ನ ಹಾಕು. ತಲಿ ಮ್ಯಾಗಿಂದ ಇಳಿಸಿದ್ರ ಮುಗೀತು. ಯಾವ ಗಂಟೂ ಬ್ಯಾಡ, ಗುಂಡೀನೂ ಬ್ಯಾಡ. ನೀನು ಬರೀ ತಲಿಬ್ಯಾನಿ ಹಚ್ಕಂಡೀದಿ."

"ಅತ್ತಿ ಒಲ್ಲೆ ಅಂತಾರಲ್ಲಕ್ಕಾ."

"ಅವ್ವನ ಕೇಳಿದ್ರ ಹಿಂಗ. ಮುದುಕರು ಕೂಸಿದ್ದಂಗ. ಕೂಸಿನ್ನ ಕೇಳಿ ಅಂಗಿ ಹಾಕ್ತೀವೇನು?"

ಅತ್ತೆ ಒಳಗೇ ಇದ್ದರು. ಎಲ್ಲ ಕೇಳಿಸುತ್ತಿತ್ತು. ಹೆತ್ತ ತಾಯಿಯನ್ನು ಹಾಗೆ ಕೂಗಿ ಕೂಗಿ ಕೂಸೆಂದವಳ ಬಾಯಿ ನೋಡುತ್ತ ನನಗೆ ಅಸಹ್ಯವಾಯಿತು. ನೈಟಿಗಳನ್ನು ಮಂಚದ ಕೆಳಗೆ ನೂಕಿದೆ. ಎಸೆಯಲಿಲ್ಲ. ನೂಕಿ ಇಟ್ಟೆ, ನೆನಪಿರಲಿ.

ಕೊನೆಗೆ ಜಿಪ್ಪು. ಅತ್ತೆಯ ಪೆಟ್ಟಿಗೆಯಲ್ಲಿ ಹಸಿರು ಖಣದ ಕುಬಸವೊಂದಿತ್ತು, ಮಗಳ ಲಗ್ನದಲ್ಲಿ ತೊಟ್ಟದ್ದು. "ಇದಕ್ಕ ಹಾಕು. ಮೊಮ್ಮಗಳ ಕುಬಸಕ್ಕ ಇದನ್ನ ತೊಡ್ತೀನಿ," ಎಂದು ಅವರೇ ತೆಗೆದುಕೊಟ್ಟರು. ನಾನು ಒಳ್ಳೆಯ ಜಿಪ್ಪು ಹುಡುಕಿ, ತುದಿಗೆ ಬೆರಳು ತೂರಿಸಿ ಎಳೆಯಲು ಒಂದು ಬಳೆ ಕಟ್ಟಿ, ಕೈಯಲ್ಲೇ ಹೊಲಿದು ಕೊಟ್ಟೆ. ಬುಡದ ಹಲ್ಲುಗಳನ್ನು ಮೊದಲೇ ಕೂಡಿಸಿ ಇಟ್ಟಿದ್ದೆ, ಮೈಗೆ ತೂರಿಸಿಕೊಂಡು ಮೇಲಕ್ಕೆ ಎಳೆದರಾಯಿತು ಎಂದು. ಬಾಗಿಲು ಹಾಕಿಕೊಂಡರು. ಪಡಸಾಲೆಯಲ್ಲಿ ಇಬ್ಬರು ಗಿರಾಕಿಗಳು ಅಳತೆಗೆ ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಳಗಿಂದ ಒಂದು ಚೀರು.

ಓಡಿದೆ. ಜಿಪ್ಪಿನ ಹಲ್ಲು ಎದೆಯ ಸಡಿಲ ಚರ್ಮವನ್ನು ಕಚ್ಚಿಕೊಂಡಿತ್ತು. ಮೇಲೂ ಹೋಗದು, ಕೆಳಗೂ ಬಾರದು. ರಕ್ತ ಜಿನುಗುತ್ತಿತ್ತು.

"ಬರಬ್ಯಾಡ," ಎಂದರು. "ನಾ ತಕ್ಕೊಂತೀನಿ. ಮುಟ್ಟಬ್ಯಾಡ."

"ಹೆಂಗ ತಕ್ಕೊಂತೀರಿ? ರಗತ ಬರಾಕ ಹತ್ತೈತಿ!"

"ಮುಟ್ಟಬ್ಯಾಡ ಅಂದೆ."

ಅವತ್ತು ನನ್ನ ತಲೆ ಕೆಟ್ಟಿತು. ಎರಡು ತಿಂಗಳ ತುಕ್ಕು, ನಾತ, ಕೂದಲು, ಗೊಣಗಾಟ ಎಲ್ಲ ಒಟ್ಟಿಗೆ ನೆತ್ತಿಗೇರಿತು. ಮೆಷಿನ್ನಿನ ಮೇಲಿದ್ದ ದೊಡ್ಡ ಕತ್ತರಿ ತಂದೆ. ಅವರ ಎಡಗೈಯನ್ನು ನನ್ನ ಮೊಣಕೈಯಲ್ಲಿ ಒತ್ತಿ ಹಿಡಿದು, ಕುಬಸವನ್ನು ಜಿಪ್ಪಿನ ಎರಡೂ ಬದಿಗೆ ಕೆಳಗಿನಿಂದ ಕುತ್ತಿಗೆಯವರೆಗೆ ಕರಕರ ಕತ್ತರಿಸಿದೆ. ಜಿಪ್ಪನ್ನು ಬಿಡಿಸಿ ಎಸೆದೆ. ಅತ್ತೆ ಎದೆ ಮುಚ್ಚಿಕೊಳ್ಳಲು ನೋಡಿದರು. ಒಂದು ಕೈಯಲ್ಲಿ ಎಷ್ಟು ಮುಚ್ಚಲಾದೀತು? ಈ ಕಡೆ ಮುಚ್ಚಿದರೆ ಆ ಕಡೆ ಬಯಲು. ಬಾಗಿಲು ತೆರೆದೇ ಇತ್ತು. ಆ ಗಿರಾಕಿ ಹೆಂಗಸರು ಇಣುಕಿ ನೋಡುತ್ತಿದ್ದರು. ನಾನು ಮಂಚದ ಕೆಳಗಿನಿಂದ ಒಂದು ನೈಟಿ ಎಳೆದು, ತಲೆಯ ಮೇಲಿಂದ ಇಳಿಸಿ, ಸತ್ತ ಕೈಯನ್ನು ತೋಳಿನಲ್ಲಿ ತುರುಕಿ, ಮುಗಿಸಿದೆ. ಚೀಲಕ್ಕೆ ಜೋಳ ತುಂಬಿದ ಹಾಗೆ.

ಅತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಒಂಬತ್ತು ದಿನ ನನ್ನ ಹತ್ತಿರ ಒಂದು ಮಾತಿಲ್ಲ. ಕೊಟ್ಟದ್ದನ್ನು ಉಂಡರು, ಹೂವಿನ ನೈಟಿಯಲ್ಲಿ ಬಿದ್ದುಕೊಂಡಿದ್ದರು. ಹೊಸ ಖಣ ಕತ್ತರಿಸುವಾಗಿನ ಸದ್ದೆಂದರೆ ನನಗೆ ಮೊದಲಿನಿಂದ ಆಸೆ. ಆ ಒಂಬತ್ತು ದಿನ ಗಿರಾಕಿಗಳ ಬಟ್ಟೆಗೆ ಕತ್ತರಿ ಹಾಕಿದಾಗಲೆಲ್ಲ ನನ್ನ ಕೈಯನ್ನು ಕಂಡು ನನಗೇ ಹೇಸಿಗೆ. ನನ್ನ ಗಂಡ ಗೂಡ್ಸ್ ಆಟೋ ಓಡಿಸುವವರು, ಮನೆಯಲ್ಲಿ ಇರುವುದೇ ಕಡಿಮೆ. "ಅವ್ವ ಯಾಕ ಸುಮ್ನ ಅದಾಳ?" ಎಂದು ಕೇಳಿದರು. ಜ್ವರ ಎಂದೆ. ಸುಳ್ಳು ಹೇಳಿದ ಬಾಯಲ್ಲೇ ಊಟ ಮಾಡಿದೆ.

ಹತ್ತನೇ ದಿನ ನಾದಿನಿಯ ಫೋನು ಬಂತು. ಕೈಯಲ್ಲಿ ಹಿಟ್ಟಿತ್ತು, ಸ್ಪೀಕರ್ ಹಾಕಿದೆ.

"ಬರೋ ಸೋಮವಾರ ಕುಬಸ ಇಟ್ಕಂಡೀವಿ. ನೀವಿಬ್ರೂ ಬರ್ರಿ. ಅವ್ವನ್ನ ಕರ್ಕಂಡು ಬರಬ್ಯಾಡ್ರಿ. ಬೀಗರು ಬಂದಿರ್ತಾರ, ಆ ಅವತಾರದಾಗ ನೋಡಿದ್ರ ಏನಂದಾರು? ನೈಟಿ ಮ್ಯಾಲ ಒಂದು ಶಾಲು ಹೊದಿಸಿ ವಿಡಿಯೋ ಕಾಲ್ ಮಾಡಿಸು, ಸಾಕು."

ಛೀ, ಎಂಥ ಮಗಳು ಎಂದು ಫೋನು ಕುಕ್ಕಿದೆ. ನಾನು ಎಂಥ ಸೊಸೆ ಎಂಬುದು ಆಮೇಲೆ ಹೊಳೆಯಿತು. ಒಳಗಿಂದ ಧ್ವನಿ ಬಂತು.

"ಸೂಜಿ ತಗಂಡು ಬಾ."

ಹೋದೆ. ಅತ್ತೆ ಎದ್ದು ಕೂತಿದ್ದರು. ನೈಟಿಯ ಮೇಲೆ ಎಡಗೈಯಿಂದ ಗೆರೆ ಎಳೆದು ತೋರಿಸಿದರು, ಎಡಗಡೆಯಿಂದ ಬಲಗಡೆಗೆ.

"ಇರೋದು ಎಡಗೈ. ಅದು ಹಿಡಿಯೋದು ಎಡಗಡಿ ಪಟ್ಟಿ. ನೀನು ಬಲಗಡೀದು ಮ್ಯಾಲ ಇಟ್ಟು ಹೊಲೀತಿ, ನಾ ಅದನ್ನ ಎಲ್ಲಿಂದ ಎಳೀಲಿ? ಎಡಮಡಿಕಿ ಹೊಲಿ."

"ಅತ್ತಿ, ಅದು... ಅದು ಹೆಣಕ್ಕಲ್ಲೇನ್ರಿ?"

"ಹೊಲಿ ಅಂದ್ರ ಹೊಲಿ."

ಹುಕ್ಕು ಬದಲಿಸಿದ್ದೆ, ಬಟನ್ನು ಬದಲಿಸಿದ್ದೆ, ಮೂರೂರು ಅಂಗಡಿ ಸುತ್ತಿದ್ದೆ. ಯಾವ ಕೈ ಎಂದು ಒಂದು ದಿನವೂ ಯೋಚಿಸಿರಲಿಲ್ಲ! ಹಾಕಿದ್ದೆಲ್ಲ ಬಲಗೈಯವರ ಕುಬಸಕ್ಕೆ. ಹೊಲಿಗೆ ಕಲಿಯಲು ಬಂದ ಮೊದಲ ದಿನದ ಹುಡುಗಿಗೂ ಹೊಳೆಯುವ ಮಾತು, ಇಪ್ಪತ್ತು ವರ್ಷ ಹೊಲಿದ ನನಗೆ ಹೊಳೆದಿರಲಿಲ್ಲ. ಹೊಳೆದಿತ್ತೋ ಏನೋ, ಆ ಕಡೆ ನೋಡಲು ಅಂಜಿಕೆ. ಅತ್ತೆ ಆ ಅಂಜಿಕೆಯನ್ನು ಒಂಬತ್ತು ದಿನ ಗೋಡೆ ನೋಡುತ್ತ ಒಬ್ಬರೇ ದಾಟಿದ್ದರು.

ಪ್ಯಾಂಟಿಗೆ ಹಾಕುತ್ತಾರಲ್ಲ, ಅಗಲವಾದ ಚಪ್ಪಟೆ ಹುಕ್ಕು, ತುಕ್ಕು ಹಿಡಿಯದ್ದು, ಅಂಥವು ಮೂರು. ಹೊಸ ಖಣ ಕತ್ತರಿಸಿ ಎಡಮಡಿಕೆಯ ಕುಬಸ ಹೊಲಿದು, ಅವನ್ನು ಎಡಪಟ್ಟಿಗೆ ಹಾಕಿದೆ. ಇನ್ನೂ ಒಂದು ತೊಡಕಿತ್ತು. ಎಡಪಟ್ಟಿ ಎಳೆದಾಗ ಕೆಳಗಿನ ಬಲಪಟ್ಟಿಯೂ ಹಿಂದೆಯೇ ಜಾರಿ ಬರುತ್ತಿತ್ತು. ಅದಕ್ಕೂ ಅತ್ತೆಯೇ ದಾರಿ ಹೇಳಿದರು.

"ಬಲಪಟ್ಟಿಗೆ ತೊಡಿ ಮಟ ಒಂದು ಬಾಲ ಬಿಡು. ಕುಂತು ಆ ಬಾಲದ ಮ್ಯಾಲ ಈ ಸತ್ತ ಕೈ ಇಡ್ತೀನಿ. ಏನು ಕೆಲಸ ಇಲ್ಲದಿದ್ರೂ ಭಾರ ಅಂತೂ ಐತಲ್ಲ ಇದು."

ಹಾಗೇ ಮಾಡಿದೆ. ಕುಬಸ ಕೊಟ್ಟು ಹೊರಗೆ ಬರಲು ತಿರುಗಿದೆ. "ಹೋಗಬ್ಯಾಡ. ಗ್ವಾಡಿ ಕಡಿ ಮಕ ಮಾಡಿ ನಿಂದ್ರು," ಎಂದರು. ನಿಂತೆ. ಬಟ್ಟೆ ಸರಿದ ಸದ್ದು, ಏದುಸಿರು, ಒಂದು ಬೈಗುಳ. ಆಮೇಲೆ ಹುಕ್ಕು ಕೂತ ಸದ್ದು, ಕಟ್. ಬಹಳ ಹೊತ್ತಿಗೆ ಇನ್ನೊಂದು ಕಟ್. ಮೂರನೆಯದು ಕೇಳಿದಾಗ ನಾನು ಗೋಡೆಗೆ ಹಣೆ ಒತ್ತಿ ಅಳುತ್ತಿದ್ದೆ. ಅತ್ತೆ ಹಿಂದಿನಿಂದ, "ಸುಣ್ಣ ಹತ್ತೀತು ಮಕಕ್ಕ, ಸರಿ," ಎಂದರು.

ಸೋಮವಾರ ಹಗರಿಬೊಮ್ಮನಹಳ್ಳಿಯಲ್ಲಿ ನಾವು ಆಟೋ ಇಳಿದಾಗ ನಾದಿನಿಯ ಮುಖ ನೋಡಬೇಕಿತ್ತು, ಹಾಗಲಕಾಯಿ ಕಚ್ಚಿದವರ ಹಾಗೆ. ಹಡಗಲಿಯಿಂದ ತರಿಸಿದ ಮಲ್ಲಿಗೆ ದಂಡೆಗಳ ನಡುವೆ ಮೊಮ್ಮಗಳು ಕೂತಿದ್ದಳು. ಅತ್ತೆ ಕಾಲೆಳೆಯುತ್ತ ಹೋಗಿ ಎದುರು ಕೂತರು. ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ, ಆ ಅಂಗೈ ಮೇಲೆ ಖಣ ಇಟ್ಟು, ಎಡಗೈ ಆನಿಸಿ ಮೊಮ್ಮಗಳ ಉಡಿಗೆ ಹಾಕಿದರು. ಹಾಕುವಾಗ ಸೆರಗು ಜಾರಿತು. ಬೀಗರ ಕಡೆಯ ಮುದುಕಿಯೊಬ್ಬರು ಕಂಡುಬಿಟ್ಟರು.

"ಅಯ್ಯ ಶಿವನ! ಎಡಮಡಿಕಿ! ಸುಭದ ಮನ್ಯಾಗ ಹೆಣದ ಕುಬಸ ತೊಟ್ಟು ಬಂದೀಯಲ್ಲವ್ವಾ!"

ಸೋಬಾನೆ ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ನಾದಿನಿ ಹಲ್ಲು ಕಚ್ಚಿಕೊಂಡು ನನ್ನ ರಟ್ಟೆ ಹಿಡಿದು, "ಹೇಳಿರಲಿಲ್ಲೇನು ನಾ? ಒಳಗ ಕರ್ಕಂಡು ಹೋಗು," ಎಂದರು. ಮಲ್ಲಿಗೆ ಮುಡಿದ ಅಷ್ಟೂ ತಲೆಗಳು ಒಬ್ಬ ಮುದುಕಿಯ ಎದೆಯನ್ನು ನೋಡುತ್ತಿದ್ದವು. ಆ ಹೂವಿನ ವಾಸನೆಗೂ ನನಗೆ ಹೇಸಿಗೆಯಾಯಿತು. ಅತ್ತೆ ಅವಸರ ಮಾಡಲಿಲ್ಲ. ಸೆರಗನ್ನು ಎಡಗೈಯಿಂದ ಸರಿಮಾಡಿಕೊಂಡರು.

"ಹೌದವ್ವಾ. ನನ್ನ ಬಲಗೈ ಸತ್ತೈತಿ. ಅದಕ್ಕ ಸಲ್ಲೋ ಪದ್ಧತಿ ಅದಕ್ಕ ಮಾಡೀನಿ. ಉಳಿದಾಕಿ ನಾ ಬದುಕೀನಿ. ಹಾಡ್ರಿ, ಯಾಕ ನಿಲ್ಲಿಸಿದ್ರಿ?"

ಮೊದಲು ದನಿ ತೆಗೆದವಳು ಆ ಬಸುರಿ ಹುಡುಗಿಯೇ. ಅಜ್ಜಿಯ ಎಡಗೈ ಹಿಡಿದುಕೊಂಡು, ರಾಗವಿಲ್ಲದೆ ಹಾಡಿದಳು. ಬೇರೆಯವರು ವಿಧಿಯಿಲ್ಲದೆ ಸೇರಿಕೊಂಡರು. ಆ ಮುದುಕಿ ಮಾತ್ರ ಊಟ ಮಾಡದೆ ಹೋದರಂತೆ. ಹೋಗಲಿ, ಒಂದು ಎಲೆ ಉಳಿಯಿತು.

ಮನೆಗೆ ಬಂದ ಮಾರನೆಯ ದಿನ ಅತ್ತೆ ತಮ್ಮ ಪೆಟ್ಟಿಗೆ ತೆಗೆಸಿದರು. ಎಲ್ಲದರ ಕೆಳಗಿನಿಂದ ಒಂದು ನೇರಳೆ ಖಣದ ಕುಬಸ ತೆಗೆದು ನನ್ನ ತೊಡೆಯ ಮೇಲೆ ಇಟ್ಟರು. ನಾನು ಮದುವೆಯಾದ ವರ್ಷ ಹೊಲಿದುಕೊಟ್ಟದ್ದು. ಬಲಮಡಿಕೆಯದು, ಗಂಟಿನದು.

"ಇದನ್ನ ನಿನ್ನ ಹತ್ರ ಇಟಗಾ. ನಾ ಸತ್ತ ದಿನ ಇದನ್ನ ಹಾಕು. ಎಡಮಡಿಕಿ ತೊಟ್ಟು ಬದುಕೀನಿ, ಹೋಗಾಕರ ನೆಟ್ಟಗ ಹೋಗ್ತೀನಿ."

"ಹುಂ ರೀ," ಎಂದೆ.

"ಗಂಟು ನೀನ ಹಾಕಬೇಕು. ಬ್ಯಾರೇರ ಕೈ ಹಚ್ಚಿಸಬ್ಯಾಡ, ನನ್ನ ಮಗಳ ಕೈನೂ."

ತಲೆಯಾಡಿಸಿದೆ. ಅತ್ತೆ ಎಡಗೈಯಿಂದ ಪೆಟ್ಟಿಗೆಯ ಮುಚ್ಚಳ ಹಾಕಿ, ನನ್ನ ಮುಖ ನೋಡದೆ ಹೇಳಿದರು.

"ಆವತ್ತು ಕತ್ತರಿ ಮಾತ್ರ ತರಬ್ಯಾಡ."